ಕಣ್ಣಿಲ್ಲದ ಗಿಳಿ

ಧಾರವಾಡದ ಕಸೂತಿ ಪ್ರದರ್ಶನದಲ್ಲಿ ಫಕೀರವ್ವ ಮಗಳ ಮದುವೆಗೆಂದು ತಾನೇ ಕಸೂತಿ ಹಾಕಿದ್ದ ಇಳಕಲ್ ಸೀರೆ ಹರವಿಕೊಂಡು ಕೂತಿದ್ದಳು. ಸೆರಗಿನ ಮೇಲೆ ಗಿಳಿಗಳ ಸಾಲು. ಕಸೂತಿ ಚಿತ್ತಾರಗಳ ಪುಸ್ತಕ ಬರೆದ ಇನಾಮದಾರ ಸಾಹೇಬರು ಬಂದು ನೋಡಿ ಮುಖ ಗಂಟು ಹಾಕಿಕೊಂಡರು.

"ಇದು ನನ್ನ ಪುಸ್ತಕದ ನಲವತ್ತನೇ ಪುಟ. ಅದನ್ನ ನೋಡಿ ಹಾಕಿದ್ದು ಅಂತ ಬೋರ್ಡ್ ಹಾಕಬೇಕವಾ. ಇಲ್ಲಾಂದ್ರ ಸೀರಿ ತಗಸ್ತೀನಿ."

"ಹಾಕ್ತೀನ್ರೀ," ಅಂದಳು ಫಕೀರವ್ವ. "ಆದ್ರ ತುದೀ ಗಿಳಿಗೆ ಕಣ್ಣಿಲ್ಲ. ನಿಮ್ಮ ಪುಸ್ತಕದಾಗೂ ಇಲ್ಲ. ಯಾಕಂತ ಮಂದಿ ಕೇಳಿದ್ರ ಏನ್ ಹೇಳ್ಲಿ?"

ಸಾಹೇಬರು ಅರಳಿದರು. ಸುತ್ತಲಿನವರಿಗೆಲ್ಲ ಕೇಳುವಂತೆ ದನಿ ಏರಿಸಿದರು. "ಅದು ಅಂತರ್ದೃಷ್ಟಿಯ ಸಂಕೇತ. ಮುನ್ನೂರು ವರ್ಷದ ಪರಂಪರೆ. ಅದರ ಮ್ಯಾಲ ಎರಡು ಪುಟ ಬರದೀನಿ."

ಫಕೀರವ್ವ ಸೂಜಿಗೆ ದಾರ ಪೋಣಿಸಿದಳು. ಎರಡು ಹೊಲಿಗೆ ಹಾಕಿ ಗಿಳಿಗೆ ಕಣ್ಣು ಕೊಟ್ಟಳು.

"ಅವತ್ತ ಕರೆಂಟ್ ಹೋಗಿತ್ರೀ, ಒಂದು ಕಣ್ಣು ಉಳಕೊಂತು. ಹಾಕಬೇಕು ಅನ್ನೂದ್ರಾಗ ನಿಮ್ಮ ಶಿಷ್ಯರು ಬಂದು ಫೋಟೋ ತಕ್ಕೊಂಡು ಹೋದ್ರು."

ಜನ ನಕ್ಕರು. ಸಾಹೇಬರಿಗೆ ಏನೋ ತುರ್ತು ಕೆಲಸ ನೆನಪಾಯಿತು.

ಈಗ ಪುಸ್ತಕದ ಎರಡನೇ ಮುದ್ರಣ ಬಂದಿದೆ. ನಲವತ್ತನೇ ಪುಟದಲ್ಲಿ ಆ ಗಿಳಿಗೆ ಕಣ್ಣಿದೆ. ಅದರ ಸಂಕೇತಾರ್ಥ ಮೂರು ಪುಟ.