ಮಾತು ಹೊತ್ತ ಮಗು

ಶಿಷ್ಯ ಕೇಳಿದ: "ಗುರುಗಳೇ, ಮನೆಯಲ್ಲಿ ಒಬ್ಬರ ಮನಸ್ಸು ಕುಗ್ಗಿದರೆ ಕೆಲವರು ಅವರೊಬ್ಬರನ್ನೇ ಕೂರಿಸಿಕೊಂಡು ಮಾತಾಡಿಸುತ್ತಾರೆ. ಕೆಲವರು ಮನೆಮಂದಿಯನ್ನೆಲ್ಲ ಕರೆಸುತ್ತಾರೆ. ಮದ್ದು ಯಾರಿಗೆ ಕೊಡಬೇಕು?"

ಗುರುಗಳು ಹೇಳತೊಡಗಿದರು.

ಒಬ್ಬ ನೇಕಾರನಿದ್ದ. ಅವನು ಮಗ್ಗದಲ್ಲಿ ಕೂತರೆ ಹೆಂಡತಿ ಪಕ್ಕದಲ್ಲೇ ರಾಟೆ ತಿರುಗಿಸಿ ನೂಲು ಸುತ್ತಿ ಕೊಡುತ್ತಿದ್ದಳು. ಅವರಿಗೆ ಎಂಟು ವರ್ಷದ ಮಗಳು. ಹೆಂಡತಿ ತನ್ನ ತಂಗಿಯ ಮದುವೆಗೆ ನಾಲ್ಕು ದಿನ ಮುಂಚೆ ಹೋಗುವ ವಿಷಯಕ್ಕೆ ಗಂಡಹೆಂಡಿರಲ್ಲಿ ಜಗಳವಾಗಿ ಮಾತು ನಿಂತಿತು. ಮಗ್ಗ ಮಾತ್ರ ನಿಲ್ಲುವಂತಿರಲಿಲ್ಲವಲ್ಲ, ಅದಕ್ಕೆ ಮಗಳು ಬೇಕಾದಳು. ನೂಲು ಮುಗಿದಿದೆ ಎಂದು ನಿನ್ನ ಅಮ್ಮನಿಗೆ ಹೇಳು ಎಂದು ಅವನು, ಊಟಕ್ಕೆ ಬಡಿಸಿದೆ ಎಂದು ನಿನ್ನ ಅಪ್ಪನಿಗೆ ಹೇಳು ಎಂದು ಅವಳು. ಇಬ್ಬರೂ ಕೂರುತ್ತಿದ್ದದ್ದು ಮಾರು ದೂರದಲ್ಲಿ. ಎಲ್ಲವೂ ಕೇಳಿಸುತ್ತಿತ್ತು. ಆದರೂ ಮಗಳು ಬಂದು ಹೇಳುವವರೆಗೆ ಯಾರೂ ಕದಲುತ್ತಿರಲಿಲ್ಲ. ದೊಡ್ಡವರ ಬಿಗುಮಾನ ಅಂಥದ್ದು.

ಒಂದು ಸಂಜೆ ಮಗಳು ಮಾತು ಬಿಟ್ಟಳು. ಇಬ್ಬರ ಮಾತನ್ನೂ ಕೈಸನ್ನೆಯಲ್ಲೇ ಮುಟ್ಟಿಸತೊಡಗಿದಳು. ಅಪ್ಪಾ ಎಂಬ ಕರೆಯಿಲ್ಲದ ಮನೆಯಲ್ಲಿ ನೇಕಾರನಿಗೆ ಊಟ ಬೇಡವಾಯಿತು.

ಮನಸ್ಸು ಬಲ್ಲ ಒಬ್ಬಾಕೆ ಮಗುವನ್ನು ತನ್ನ ಮನೆಗೆ ಕರೆದೊಯ್ದು ಹತ್ತು ದಿನ ಆಟವಾಡಿಸಿದಳು. ಅಲ್ಲಿ ಮಗು ನಕ್ಕಿತು, ಹಾಡು ಗುನುಗಿತು. ತನ್ನ ಮನೆಯ ಹೊಸಿಲು ತುಳಿದದ್ದೇ ತಡ, ಬಾಯಿ ಮುಚ್ಚಿತು.

ಇನ್ನೊಬ್ಬ ಬಂದ. ಅವನು ನೇಕಾರನ ಹೆತ್ತವರ ವಿಷಯ ಕೇಳಿದ. ಅವರೂ ವರ್ಷಗಟ್ಟಲೆ ಮಾತು ಬಿಟ್ಟಿದ್ದರು, ನಡುವೆ ಓಡಾಡುತ್ತಿದ್ದವನು ತಾನೇ ಎಂಬುದು ನೇಕಾರನಿಗೆ ನೆನಪಾಯಿತು. ಅವನು ಹೆಂಡತಿಯ ಎದುರು ಅತ್ತುಬಿಟ್ಟ. ಅವಳ ಕರುಳು ಚುರುಕ್ ಎಂದಿತು. ಆದರೂ ಬಾಯಿ ಬಿಡಲಿಲ್ಲ.

ಮೂರನೆಯವನು ಕೆಲಸದ ಹೊತ್ತಿಗೇ ಬಂದ. ಮಗ್ಗಕ್ಕೂ ರಾಟೆಗೂ ನಡುವೆ ನಿಂತಿದ್ದ ಮಗುವಿನ ಕೈಹಿಡಿದು ತನ್ನ ಪಕ್ಕದಲ್ಲಿ ಕೂರಿಸಿಕೊಂಡ. ನೀವು ನಿಮ್ಮ ಕೆಲಸ ಮಾಡಿ ಎಂದ.

ನೂಲು ಮುಗಿದು ಮಗ್ಗ ನಿಂತಿತು. ನೇಕಾರ ರೂಢಿಯಂತೆ ಮಗಳು ನಿಲ್ಲುವ ಜಾಗದತ್ತ ನೋಡಿದ. ಅವಳು ಅಲ್ಲಿರಲಿಲ್ಲ. ಖಾಲಿ ಲಾಳಿ ಕೈಗೆತ್ತಿಕೊಂಡು ಹೆಂಡತಿಯತ್ತ ತಿರುಗಿದ.

"ನೂಲು ಮುಗೀತು ಕಣೇ."

ಅವಳು ಎದ್ದು ತಂದುಕೊಟ್ಟಳು. ಕೊಟ್ಟವಳು ಅಲ್ಲೇ ನಿಂತು, ಆವತ್ತು ಮಗುವನ್ನು ತಾನು ಹಾಗೆ ಕೇಳಬಾರದಿತ್ತು ಎಂದಳು. ತಾನೂ ಕೇಳಿದ್ದೆನೆಂದು ಅವನು ತಲೆತಗ್ಗಿಸಿದ. ನಮ್ಮಿಬ್ಬರಲ್ಲಿ ಯಾರು ಸರಿ, ನೀನೇ ಹೇಳು ಎಂದು ಇಬ್ಬರೂ, ಮಗು ಮಾತು ಬಿಟ್ಟ ದಿನವೇ, ಅದನ್ನು ಬೇರೆ ಬೇರೆಯಾಗಿ ಕೇಳಿದ್ದರು.

"ಅಮ್ಮಾ, ನಂಗೆ ಹಸಿವಾಗ್ತಿದೆ" ಎಂದಿತು ಮಗು.

ಎಷ್ಟೋ ತಿಂಗಳ ಮೇಲೆ ಅದು ಆಡಿದ ಸ್ವಂತ ಮಾತು ಅದು. ನೇಕಾರ ಮಗ್ಗ ಬಿಟ್ಟು ಎದ್ದು ಬಂದು ಮಗಳನ್ನು ಎದೆಗೆ ಒತ್ತಿಕೊಂಡ.

ಶಿಷ್ಯ ಕಣ್ಣೊರೆಸಿಕೊಂಡ. ಬಳಿಕ, "ಹಾಗಾದರೆ ಗುರುಗಳೇ, ಆ ಮೂವರಲ್ಲಿ ಯಾರು ಸರಿ?" ಎಂದು ಕೇಳಿದ.

"ಆ ಮಗುವಿನ ಮಾತು ನಿಂತದ್ದು ಈ ಪ್ರಶ್ನೆಗೇ ಅಲ್ಲವೇನಪ್ಪಾ?" ಎಂದರು ಗುರುಗಳು.