ಹತ್ತು ತಲೆ, ಇಪ್ಪತ್ತೆಂಟು ಕಾಲು

ಹೂಂ ಅನ್ನೋರು ಇದ್ರೆ ಹೇಳ್ತೀನಿ, ಕೇಳಿ. ದೇವೀರಿ ಅನ್ನೋಳಿಗೆ ಒಬ್ಬನೇ ಮಗ, ಜವರ. ಹೇಳಿದ್ದನ್ನ ಹೇಳಿದ ಹಾಗೇ ಮಾಡೋನು. ಅದೇ ಅವಳ ಕರ್ಮ! ಇವನಿಗೆ ಹೆಣ್ಣು ಕೊಡೋರೇ ಇಲ್ಲ.

ಕೊನೆಗೆ ಪಕ್ಕದೂರ ಪುಟ್ಟಮಾದ ಅಂದ: "ನನ್ನ ದೊಡ್ಡೀಲಿ ಮೇಕೆ, ಕೋಳಿ ಸೇರಿ ತಲೆ ಹತ್ತು, ಕಾಲು ಇಪ್ಪತ್ತೆಂಟು. ಮೇಕೆ ಎಷ್ಟು, ಕೋಳಿ ಎಷ್ಟು? ಹೇಳಿದ್ರೆ ಮಗಳನ್ನ ಕೊಡ್ತೀನಿ."

ಜವರ ಬಂದು ಅವ್ವನ್ನ ಕೇಳಿದ.

"ಮೊದ್ಲು ಎಲ್ಲಾನೂ ಕೋಳಿ ಅಂದ್ಕೊಳ್ಳೋ!"

ಅಂದ್ಕೊಂಡ. ದೊಡ್ಡಿಗೆ ಹೋದ. ಮೇಕೆಗಳಿಗೆ "ಬಾ ಬಾ ಬಾ" ಅಂತ ನುಚ್ಚು ಚೆಲ್ಲಿದ. ಹಿಡಿದು ಹಿಡಿದು ಕೋಳಿ ಮುಚ್ಚೋ ಬಿದಿರು ಮಂಕರಿ ಕವುಚಿದ. ಮಂಕರಿ ಚೂರುಚೂರು! ಪುಟ್ಟಮಾದ ಕೋಲು ತಗೊಂಡು ಊರಾಚೆವರೆಗೂ ಅಟ್ಟಿಸಿಕೊಂಡು ಬಂದ.

"ಅಯ್ಯೋ ಮುಂಡೇದೆ! ಮನಸಲ್ಲಿ ಅಂದ್ಕೋ ಅಂದ್ರೆ ಮಂಕರಿ ಕವುಚ್ತೀಯಾ!" ಅವ್ವ ಬೆನ್ನಿಗೆ ಗುದ್ದಿದಳು. "ಒಂದೊಂದು ತಲೆಗೂ ಎರಡೆರಡು ಕಾಲು ಕಟ್ಟು. ಮಿಕ್ಕಿದ ಕಾಲೆಲ್ಲಾ ಮೇಕೇದು!"

"ಸರಿ ಅವ್ವ."

ಹಗ್ಗ ತಗೊಂಡು ಹೋದ. ಒಂದೊಂದರ ತಲೆಗೂ ಅದರದ್ದೇ ಎರಡೆರಡು ಕಾಲು ಎಳೆದು ಬಿಗಿದ. ಕೋಳಿ ಧೊಪ್! ಮೇಕೆ ಮೂತಿ ಮಣ್ಣಲ್ಲಿ! ಈ ಸಲ ಪುಟ್ಟಮಾದನ ಕೋಲೇ ಮುರೀತು.

ದೇವೀರಿ ಕೆಂಡವಾದಳು. "ಲೆಕ್ಕ ಕಟ್ಟು ಅಂದ್ರೆ ಹಗ್ಗದಲ್ಲಿ ಕಟ್ತಾರೇನೋ! ತಲೇಲಿ ಸಗಣಿ ತುಂಬೈತಾ? ಹತ್ತು ತಲೆಗೆ ಇಪ್ಪತ್ತು ಕಾಲು ಹೋಯ್ತು. ಮಿಕ್ಕಿದ್ದು ಎಂಟು. ಮೇಕೆಗೆ ಎರಡೆರಡು ಹೆಚ್ಚು. ನಾಕು ಮೇಕೆ, ಆರು ಕೋಳಿ! ಇನ್ನಾದ್ರೂ ನೆನಪಿಟ್ಕೋ: ಗೊತ್ತಿಲ್ಲದ್ದು ಎರಡಿದ್ರೆ ಮೊದ್ಲು ಒಂದನ್ನ ಆಚೆ ಅಟ್ಟು. ಇನ್ನೊಂದು ತಾನೇ ಗೊತ್ತಾಗುತ್ತೆ!"

ಜವರ ಹೋಗಿ ಉತ್ತರ ಹೇಳಿದ. ಪುಟ್ಟಮಾದ ಹಲ್ಲು ಕಡೀತಾನೇ ಒಪ್ಪಿದ. ಏನು ಮಾಡ್ತಾನೆ, ಮಾತು ಕೊಟ್ಟಾಗಿತ್ತು!

ಹೆಣ್ಣು ನೋಡೋ ದಿನ ಬಂತು. ತಾಯಿ ಮಗ ಹೋಗಿ ಚಾಪೆ ಮೇಲೆ ಕೂತರು. ಒಳಗಿಂದ ಇಬ್ಬರು ಹೆಂಗಸರು ಬಂದರು. ಇಬ್ಬರಿಗೂ ತಲೆ ತುಂಬಾ ಸೆರಗು, ಇಬ್ಬರದ್ದೂ ಬಗ್ಗಿಸಿದ ಮುಖ. ಜವರ ಅವಳನ್ನೂ ಕಂಡವನಲ್ಲ, ಇವಳನ್ನೂ ಕಂಡವನಲ್ಲ.

ಗೊತ್ತಿಲ್ಲದ್ದು ಎರಡು!

ಎದ್ದ. "ನಡಿ ಆಚೆ!" ಅಂತ ಒಬ್ಬಳನ್ನ ಹೊಸಿಲು ದಾಟಿಸಿ ಅಗುಳಿ ಹಾಕಿದ. ಇನ್ನೊಬ್ಬಳ ಕೈ ಹಿಡಿದ. "ಇವಳೇ ನನ್ನ ಹೆಣ್ಣು!"

"ಲೋ ಬೇವಾರ್ಸಿ, ಅವಳು ನನ್ನ ಹೆಂಡ್ತಿ ಕಣೋ!" ಪುಟ್ಟಮಾದ ಒನಕೆ ಎತ್ತಿದ. ದೇವೀರಿ ಹಣೆ ಹಣೆ ಚಚ್ಚಿಕೊಂಡಳು.

ಜವರ ಹಿಗ್ಗಿಹೋದ.

"ಗೊತ್ತಾಯ್ತಲ್ಲ ಮಾವ! ಹಂಗಾದ್ರೆ ಆಚೆ ಅಟ್ಟಿದ್ದೇ ನಿಮ್ಮ ಮಗಳು!"