ಲಿಪಿಕಾರ ಸೇರಿಸಿದ ಸಾಲು

"ಗುರುಗಳೇ, ಉತ್ತರವೇ ಇಲ್ಲದ ಪುಸ್ತಕವನ್ನು ಯಾಕೆ ಓದಬೇಕು?" ಎಂದು ಶಿಷ್ಯ ಗುಣಪಾಲ ಕೇಳಿದ.

ಕೇಳಿದ್ದಲ್ಲ, ರೇಗಿದ್ದು. ಗುರುಗಳು ಅವನ ಕೈಗೆ ಹಳೆಯ ಗ್ರೀಕರ ಸಂವಾದವೊಂದನ್ನು ಕೊಟ್ಟು ಹದಿನೇಳು ದಿನವಾಗಿತ್ತು. ಯಾರು ಏನು ಹೇಳಿದರು, ಆ ಮಾತು ಯಾವುದರ ಮೇಲೆ ನಿಂತಿದೆ, ಎಲ್ಲಿ ಮುರಿಯಿತು ಎಂದು ಅವನು ಒಂದೊಂದು ವಾದವನ್ನೂ ಬಿಡಿಸಿ ಬರೆದಿದ್ದ.

"ನಾಲ್ಕು ಜನ ನಾಲ್ಕು ಉತ್ತರ ಕೊಟ್ಟರು. ನಾಲ್ಕೂ ಬಿದ್ದವು. ಕೊನೆಗೆ ಪ್ರಶ್ನೆ ಕೇಳಿದವನೇ 'ನನಗೂ ತಿಳಿಯದು' ಎಂದು ಎದ್ದುಹೋದ. ಅದನ್ನು ಮೊದಲೇ ಹೇಳಿದ್ದರೆ ನನಗೆ ಹದಿನೇಳು ದಿನ ಉಳಿಯುತ್ತಿತ್ತು."

ಗುರುಗಳು ನಿಟ್ಟುಸಿರು ಬಿಟ್ಟರು. ಪ್ರತಿ ವರ್ಷವೂ ಯಾರಾದರೊಬ್ಬರು ಇದನ್ನೇ ಕೇಳುತ್ತಿದ್ದರು. "ಕೂತುಕೋ" ಎಂದು ಹೇಳತೊಡಗಿದರು.

ಗ್ರೀಕರ ಒಂದು ಬಂದರು ಪಟ್ಟಣದಲ್ಲಿ ಒಬ್ಬ ಲಿಪಿಕಾರನಿದ್ದ. ಸಂವಾದಗಳನ್ನು ಸುರುಳಿಗಳಲ್ಲಿ ನಕಲು ಮಾಡಿ ಮಾರುವುದು ಅವನ ಕಸುಬು. ಅವುಗಳಲ್ಲಿ ಒಂದು, ನಿಷ್ಠೆಯನ್ನು ಕುರಿತದ್ದು. ಅದರಲ್ಲಿ ಒಬ್ಬ ಯೋಧ, 'ಹೇಳಿದ ಆಜ್ಞೆಯನ್ನು ಹೇಳಿದಂತೆ ಪಾಲಿಸುವುದೇ ನಿಷ್ಠೆ' ಎನ್ನುತ್ತಾನೆ. ಪ್ರಶ್ನಿಸುವವನು ಕೇಳುತ್ತಾನೆ: 'ಜ್ವರ ನೆತ್ತಿಗೇರಿದ ಒಡೆಯ ತನ್ನನ್ನು ಬಾವಿಗೆ ನೂಕು ಎಂದರೆ, ನೂಕುವ ಆಳು ನಿಷ್ಠನೋ?' ಯೋಧ ಅಲ್ಲ ಎಂದು ಒಪ್ಪಿಕೊಳ್ಳುತ್ತಾನೆ. ಆ ಉತ್ತರ ಅಲ್ಲಿಗೆ ಬಿತ್ತು. ಉಳಿದ ಮೂವರು ಕೊಟ್ಟ ಉತ್ತರಗಳೂ ಹೀಗೆಯೇ ಬಿದ್ದು, ಸಂವಾದ ಉತ್ತರವಿಲ್ಲದೆ ಮುಗಿಯುತ್ತದೆ.

ಕೊಂಡವರು ಎರಡೇ ದಿನದಲ್ಲಿ ಅಂಗಡಿಗೆ ತಿರುಗಿ ಬರುತ್ತಿದ್ದರು. 'ಕೊನೆಯ ತುಂಡು ಎಲ್ಲಿ?' ಎನ್ನುತ್ತಿದ್ದರು. ಇರುವುದೇ ಇಷ್ಟು ಎಂದರೆ ನಂಬುತ್ತಿರಲಿಲ್ಲ. ಕತ್ತರಿಸಿಟ್ಟುಕೊಂಡು ಬೇರೆಯಾಗಿ ಮಾರುತ್ತೀಯಾ ಎಂದು ಒಬ್ಬ ಎಣ್ಣೆ ವ್ಯಾಪಾರಿ ಸುರುಳಿಯನ್ನು ಅವನ ಮೇಲೆಯೇ ಎಸೆದ. ಲಿಪಿಕಾರನಿಗೆ ಸಾಕುಸಾಕಾಯಿತು. ಅಂದೇ ಸುರುಳಿಯ ಅಡಿಯಲ್ಲಿ ತಾನೇ ಒಂದು ಸಾಲು ಸೇರಿಸಿದ: 'ಆದ್ದರಿಂದ, ಹೇಳಿದ ಆಜ್ಞೆಯನ್ನು ಹೇಳಿದಂತೆ ಪಾಲಿಸುವುದೇ ನಿಷ್ಠೆ.' ನಾಲ್ಕು ಉತ್ತರಗಳಲ್ಲಿ ಅದೇ ಚಿಕ್ಕದು. ಉಳಿದಿದ್ದ ಜಾಗಕ್ಕೆ ಹಿಡಿಸಿತು.

ಆಮೇಲೆ ಯಾರೂ ಜಗಳಕ್ಕೆ ಬರಲಿಲ್ಲ. ಸುರುಳಿ ಮನೆಮನೆಗೂ ಹೋಯಿತು. ಕೊಂಡವರು ಮೊದಲು ತುದಿಯನ್ನೇ ಬಿಚ್ಚಿ ನೋಡುತ್ತಿದ್ದರು, ಅಷ್ಟು ನೋಡಿ ಸುತ್ತಿಡುತ್ತಿದ್ದರು.

ಎರಡು ವರ್ಷದ ಮೇಲೆ ಪಟ್ಟಣಕ್ಕೆ ಯುದ್ಧ ಬಂತು. ಶತ್ರುಗಳು ಒಳಗೆ ಬಾರದಂತೆ ಬಂದರಿನ ಬಾಯಿಗೆ ಅಡ್ಡಲಾಗಿ ಸರಪಳಿ ಬಿಗಿದರು. ತನ್ನ ಅಪ್ಪಣೆಯಿಲ್ಲದೆ ಅದನ್ನು ಇಳಿಸಕೂಡದು ಎಂದು ದಂಡನಾಯಕ ಕಾವಲುಗಾರನಿಗೆ ಹೇಳಿದ್ದ. ಒಂದು ಮಧ್ಯಾಹ್ನ ಬಿರುಗಾಳಿ ಎದ್ದಿತು. ಮೀನಿಗೆ ಹೋಗಿದ್ದ ಊರಿನ ಆರು ದೋಣಿಗಳು ಸರಪಳಿಯ ಆಚೆ ಬಂಡೆಗೆ ಬಡಿಯುವುದರಲ್ಲಿದ್ದವು. ದಂಡನಾಯಕ ಪಟ್ಟಣದ ಇನ್ನೊಂದು ತುದಿಯಲ್ಲಿದ್ದ. ಕಾವಲುಗಾರ ಸರಪಳಿ ಇಳಿಸಿದ. ಆರೂ ದೋಣಿಗಳು ಒಳಗೆ ಬಂದವು. ಅವುಗಳ ಬೆನ್ನಿಗೇ ಶತ್ರುಗಳ ಒಂದು ದೋಣಿಯೂ ನುಸುಳಿ, ನಿಂತಿದ್ದ ಹಡಗೊಂದಕ್ಕೆ ಬೆಂಕಿ ಇಟ್ಟಿತು.

ಕಾವಲುಗಾರನನ್ನು ಸಭೆಯ ಮುಂದೆ ನಿಲ್ಲಿಸಿದರು. ಅದೇನೂ ಸುಲಭದ ವಿಷಯವಲ್ಲ. ಇಪ್ಪತ್ತೆರಡು ಜೀವ ಉಳಿದಿತ್ತು, ಹಡಗು ಸುಟ್ಟಿತ್ತು, ಆಜ್ಞೆ ಮುರಿದಿತ್ತು. ಕೂತು ಯೋಚಿಸಬೇಕಿತ್ತು. ಆದರೆ ಆರೋಪ ಹೊರಿಸಿದವನು ಸುರುಳಿಯ ಕೊನೆಯ ಸಾಲನ್ನು ಓದಿ ಕೂತುಬಿಟ್ಟ. ಸಭೆ ತಲೆಯಾಡಿಸಿತು. ಆ ಸಾಲು ಎಲ್ಲರಿಗೂ ಬಾಯಿಪಾಠವಾಗಿತ್ತು.

ಲಿಪಿಕಾರ ಎದ್ದು ನಿಂತ. 'ಆ ಸಾಲು ಸಂವಾದದ್ದಲ್ಲ, ನಾನು ಸೇರಿಸಿದ್ದು. ನಡುವೆ ಬಿಚ್ಚಿ ಓದಿ. ಆ ಮಾತು ಅಲ್ಲೇ ಬಿದ್ದುಹೋಗಿದೆ.'

'ಬಿದ್ದುಹೋಗಿದ್ದರೆ ಕೊನೆಯಲ್ಲಿ ಯಾಕೆ ಇರುತ್ತಿತ್ತು?' ಎಂದ ಆರೋಪ ಹೊರಿಸಿದವನು.

'ಅದನ್ನೇ ಅಲ್ಲವೇ ಹೇಳುತ್ತಿರುವುದು? ಬರೆದವನು ನಾನು!'

'ಹಾಗಾದರೆ ಸರಿಯಾದ ಉತ್ತರ ಯಾವುದು, ಅದನ್ನು ಹೇಳು.'

ಲಿಪಿಕಾರನಿಗೆ ಅದು ಗೊತ್ತಿರಲಿಲ್ಲ. ಸಭೆ ನಕ್ಕಿತು. ಸುರುಳಿಯನ್ನು ಯಾರೂ ಬಿಚ್ಚಲಿಲ್ಲ. ಸೂರ್ಯ ಮುಳುಗುವುದರೊಳಗೆ ಕಾವಲುಗಾರನಿಗೆ ಗಡಿಪಾರು ವಿಧಿಸಿದರು. ಅವನನ್ನು ಆಚೆಯ ದ್ವೀಪಕ್ಕೆ ಬಿಟ್ಟು ಬಂದವರು ಅವನೇ ಉಳಿಸಿದ ಮೀನುಗಾರರು.

ಲಿಪಿಕಾರ ಒದ್ದೆ ಬಟ್ಟೆ ಹಿಡಿದು ಮನೆಮನೆಗೆ ಹೋದ. ಒಂದೇ ಒಂದು ಸಾಲು ಒರೆಸಲು ಬಿಡಿ ಎಂದು ಬೇಡಿಕೊಂಡ. 'ಇಡೀ ಸುರುಳಿಯಲ್ಲಿ ನನಗೆ ಅರ್ಥವಾಗಿದ್ದು ಅದೊಂದೇ, ಅದನ್ನೂ ಕಿತ್ತುಕೊಳ್ಳಲು ಬಂದೆಯಾ?' ಎಂದು ಎಣ್ಣೆ ವ್ಯಾಪಾರಿ ಬಾಗಿಲು ಹಾಕಿಕೊಂಡ. ಉಳಿದವರು ಬಾಗಿಲನ್ನೇ ತೆಗೆಯಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

ಗುಣಪಾಲನ ಸಿಟ್ಟು ಇಳಿದಿತ್ತು. ಅವನು ಹೊಸ ಹಾಳೆಯೊಂದನ್ನು ತೆಗೆದುಕೊಂಡ. "ಬಹಳ ಚೆನ್ನಾಗಿದೆ ಗುರುಗಳೇ. ಇದರ ತಾತ್ಪರ್ಯವನ್ನು ಒಂದೇ ಸಾಲಿನಲ್ಲಿ ಹೇಳಿಬಿಡಿ, ಬರೆದುಕೊಳ್ಳುತ್ತೇನೆ."

ಗುರುಗಳು ಅವನನ್ನು ನೋಡಿದರು.

"ಬರೆದುಕೋ, ಕಾವಲುಗಾರನನ್ನು ಊರು ಬಿಡಿಸಿದವರೆಲ್ಲ ನಿನ್ನ ಹಾಗೆ ಒಂದೇ ಸಾಲು ಕೇಳಿದವರು."